ಅಣ್ಣ ಹೇಳದೆ ಕೊಟ್ಟದ್ದು

ಪರದೇಶಕ್ಕೆ ಹೋಗಿಬಂದವರೆಲ್ಲ ಮೊದಲು ಅಲ್ಲಿಯ ರಸ್ತೆ ಹೊಗಳುತ್ತಾರೆ. ನಾನೂ ಆ ಶಾಸ್ತ್ರ ಮುಗಿಸಿಬಿಡುತ್ತೇನೆ: ರಸ್ತೆ ಚೆನ್ನಾಗಿತ್ತು. ಒಮಾನ್ ದೇಶದಲ್ಲಿ ನಾನಿದ್ದದ್ದು ಹತ್ತೊಂಬತ್ತು ದಿನ. ನೋಡಿದ್ದು ಒಂದು ಬಸ್ಸು, ಒಂದು ಆಸ್ಪತ್ರೆ, ಒಂದು ಬಾಳೆತೋಟ, ಒಂದು ಗೋಡೆ. "ಒಂಟೆ ನೋಡಿದ್ರಾ ಟೀಚರ್?" ಅಂತ ಶಾಲೆಯ ಮಕ್ಕಳು ಕೇಳಿದರು. ನೋಡಿದೆ. ಅದೂ ನನ್ನನ್ನು ನೋಡಿತು. ಇಬ್ಬರಿಗೂ ಹೇಳಿಕೊಳ್ಳುವಂಥದ್ದೇನೂ ಅನ್ನಿಸಲಿಲ್ಲ.

ಕಂಪಲಾಪುರ

ನಮ್ಮಪ್ಪ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದರು. ಕಂಪಲಾಪುರದ ಸುತ್ತಿನ ಹಳ್ಳಿಗಳಲ್ಲಿ ಗೌಡರ ಎತ್ತು ಕುಂಟದೆ ನಡೆದರೆ ಅದು ಅಪ್ಪನ ಕೈಗುಣ. ಕಾಸು ಸಿಗುತ್ತಿದ್ದದ್ದು ಅಪರೂಪ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರಾಶಿಯಿಂದ ಮೊರ ತುಂಬ ರಾಗಿ ಸುರಿಯುತ್ತಿದ್ದರು: ಅಗಸರಿಗೆ, ದಾಸಯ್ಯನಿಗೆ, ಲಾಳದ ಸಾಬರಿಗೆ. ಅಳತೆ ಗಿಳತೆ ಏನಿಲ್ಲ, ಗೌಡರ ಕಣ್ಣಂದಾಜು. ಅಣ್ಣ ಅನ್ವರ್ ಬಟ್ಟೆ ಹಿಡಿದು ನಿಲ್ಲುತ್ತಿದ್ದ, ನಾನು ಅವನ ಬೆನ್ನ ಹಿಂದೆ. ಅವನಿಗೆ ಸಾಯುವಷ್ಟು ನಾಚಿಕೆ. "ಕೊಡೋರ ಮಕ ನೋಡ್ಬ್ಯಾಡ ಕಣ್ಲಾ, ರಾಗಿ ನೋಡು" ಅನ್ನುತ್ತಿದ್ದರು ಅಪ್ಪ. ಅಣ್ಣ ರಾಗಿಯನ್ನೂ ನೋಡುತ್ತಿರಲಿಲ್ಲ, ತನ್ನ ಕಾಲ್ಬೆರಳು ನೋಡುತ್ತಿದ್ದ.

ನಮ್ಮ ಮನೆಯಲ್ಲಿ ನಮಾಜು ಅರಬ್ಬಿಯಲ್ಲಿ, ಅಮ್ಮನ ಮಾತು ಉರ್ದುವಿನಲ್ಲಿ, ಅಣ್ಣ ತಂಗಿಯ ಜಗಳ ಕನ್ನಡದಲ್ಲಿ. ಅಪ್ಪ ಅಮ್ಮ ಹೋದ ಮೇಲೆ ಜಗಳಕ್ಕೂ ಜನ ಇಲ್ಲವಾಯಿತು, ಯಾಕೆಂದರೆ ಅಣ್ಣ ಒಮಾನಿನ ಸಲಾಲ ಎಂಬ ಊರಿಗೆ ಟೈಲರ್ ಕೆಲಸಕ್ಕೆ ಹೊರಟುಹೋದ. ಮದುವೆಯ ಮಾತೆತ್ತಿದರೆ ಪ್ರತಿ ಸಲವೂ "ಮುಂದಿನ ವರ್ಷ".

ನನಗೆ ಮದುವೆಯಾಗಿ ನಾಲ್ಕನೇ ವರ್ಷಕ್ಕೆ ಗಂಡ ಜ್ವರದಲ್ಲಿ ತೀರಿಕೊಂಡರು. ಹುಣಸೂರು ಮೈಸೂರು ನಡುವೆ ಬಸ್ಸು ಓಡಿಸುತ್ತಿದ್ದವರು. ಮಕ್ಕಳಿರಲಿಲ್ಲ. ಪುಡಿಗಾಸಿನ ಗೌರವಧನಕ್ಕೆ ಒಂದು ಶಿಶುವಿಹಾರದಲ್ಲಿ ಪಾಠ ಹೇಳಿಕೊಂಡಿದ್ದೆ. ಆ ವರ್ಷದ ರಂಜಾನಿನಿಂದ ಸಲಾಲದಿಂದ ಬರುವವರ ಕೈಯಲ್ಲಿ ಒಂದು ಲಕೋಟೆ ಬರತೊಡಗಿತು. ಒಳಗೆ ಹಣ, ಜೊತೆಗೆ ನಾಲ್ಕು ಸಾಲಿನ ಕಾಗದ. "ಜುಬ್ಬಿ, ಹಬ್ಬಕ್ಕೆ ಇಟ್ಟುಕೊ. ಛಾವಣಿ ಸೋರುತ್ತಾ? ಹುಷಾರು. ಅಣ್ಣ." ವರ್ಷಕ್ಕೆ ಅವನು ಬರೆಯುತ್ತಿದ್ದದ್ದು ಅಷ್ಟೇ. ನಾನು ಮೂರು ಪುಟ ಉತ್ತರ ಬರೆಯುತ್ತಿದ್ದೆ, ಮೂರೂ ಪುಟ ಕಷ್ಟ.

ಪಕ್ಕದ ಮನೆಯ ಗೌಡರ ಸಣ್ಣಮ್ಮನಿಗೆ ಗೌರಿಹಬ್ಬಕ್ಕೆ ತವರಿನಿಂದ ಬಾಗಿನ ಬರುತ್ತಿತ್ತು. "ನಂದು ರಂಜಾನಿಗೆ ಬರುತ್ತೆ ಬುಡಿ" ಅಂತ ನಾನು ಜಂಬ ಕೊಚ್ಚುತ್ತಿದ್ದೆ.

ಆಮೇಲೆ ವೀರನಹೊಸಹಳ್ಳಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನನಗೆ ಖಾಯಂ ಕೆಲಸ ಸಿಕ್ಕಿತು. ಊರಿಗೆಲ್ಲ ಹೇಳಿದೆ, ಅಣ್ಣನಿಗೆ ಬರೆಯಲಿಲ್ಲ. ಲಕೋಟೆ ನಿಲ್ಲುತ್ತದೆ ಅಂತ. ಹಣದ ಆಸೆ ಇರಲಿಲ್ಲವೇ ಅಂದರೆ ಇತ್ತು, ಸುಳ್ಳು ಯಾಕೆ. ಆದರೆ ಆ ನಾಲ್ಕು ಸಾಲು ಬರುತ್ತಿದ್ದದ್ದು ಹಣದ ಜೊತೆಯಲ್ಲೇ. ತಂಗಿಗೆ ಕಷ್ಟವಿಲ್ಲ ಅಂತಾದರೆ ಈ ಮನುಷ್ಯ ಯಾಕೆ ಪೆನ್ನು ಹಿಡಿಯುತ್ತಾನೆ? ಹಾಗಾಗಿ ಇನ್ನೂ ಆರು ವರ್ಷ, ರಿಪೇರಿಯಾದ ಛಾವಣಿಯ ಕೆಳಗೆ ಕೂತು, ಛಾವಣಿ ಸೋರುತ್ತಿದೆ ಎಂದು ಬರೆದೆ. ಬಂದ ಹಣ ನಾಲ್ಕು ಚಿನ್ನದ ಬಳೆಯಾಗಿ ನನ್ನ ಕೈಗೇರಿತು.

ತೊಂಬತ್ತೊಂಬತ್ತರ ರಂಜಾನಿಗೆ ಲಕೋಟೆಯ ಬದಲು ವೀಸಾ ಬಂತು. ಅಣ್ಣನಿಗೆ ಸಕ್ಕರೆ ಕಾಯಿಲೆಯಲ್ಲಿ ಎರಡೂ ಮೂತ್ರಪಿಂಡ ಹೋಗಿವೆ, ನೋಡಬೇಕೆನ್ನುತ್ತಿದ್ದಾನೆ, ಬೇಗ ಬನ್ನಿ ಅಂತ ಅವನ ನೆರೆಯವರ ಕಾಗದ. ಸಣ್ಣಮ್ಮ ಎರಡು ಸೇರು ರಾಗಿ ಹಿಟ್ಟು ಕಟ್ಟಿ ತಂದರು. "ಅನ್ವರಂಗೆ ಒಂದ್ ತುತ್ತು ಮುದ್ದೆ ತಿನ್ಸು. ಎದ್ದು ಕುಂತ್ಕತಾನೆ."

ಬಾವಲಿ ದಾರಿ

ವಿಮಾನ ಹತ್ತಬೇಕಾದದ್ದು ಕೇರಳದಲ್ಲಿ. ಎಚ್.ಡಿ. ಕೋಟೆಯಿಂದ ಬಾವಲಿ ಮೇಲೆ ಅಲ್ಲಿಗೆ ಹೋಗುವ ಬಸ್ಸು. ಕಾಡಿನ ನಡುವೆ ಒಂದು ಆನೆ ರಸ್ತೆಗೆ ಅಡ್ಡ ನಿಂತಿತು. ಡ್ರೈವರ್ ಎಂಜಿನ್ ಆಫ್ ಮಾಡಿ ಕೂತರು. ಆ ಸದ್ದಿಲ್ಲದ ಬಸ್ಸಿನಲ್ಲಿ ನನಗೆ ಅಳು ಒತ್ತಿಕೊಂಡು ಬಂತು. ಕಂಡಕ್ಟರ್ ಹತ್ತಿರ ಬಂದು, "ಎದರ್ಕಬ್ಯಾಡಿ ಕಣವ್ವ, ದಿನಾ ನಿಂತ್ಕತದೆ, ಏನೂ ಮಾಡಕಿಲ್ಲ" ಅಂದ. ಆನೆಗೆ ಹೆದರಿ ಅಳುತ್ತಿಲ್ಲ ಅಂತ ಹೇಳಲು ಹೋಗಲಿಲ್ಲ. ಅವನು ಧೈರ್ಯ ಹೇಳಿದ್ದು ಆನೆಯ ವಿಷಯವಾದರೂ ನನಗೆ ಸ್ವಲ್ಪ ಹಿತವಾಯಿತು.

ಮಸ್ಕತ್

ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನನ್ನ ಬ್ಯಾಗು ಬಿಚ್ಚಿಸಿ ರಾಗಿ ಹಿಟ್ಟು ಕಂಡು ಹೌಹಾರಿದ. ಬೆರಳಲ್ಲಿ ಅದ್ದಿದ, ಮೂಸಿದ, ಇನ್ನೊಬ್ಬನನ್ನು ಕರೆದ. ಅವನೂ ಮೂಸಿದ. ಇಡೀ ದೇಶದ ಇಂಗ್ಲಿಷು ಒಟ್ಟು ಮಾಡಿದರೂ ರಾಗಿಗೆ ಒಂದು ಪದ ಸಿಗಲಿಲ್ಲ. ಕೊನೆಗೆ ನಾನು ಉಂಡೆ ಕಟ್ಟಿ, ಮುರಿದು, ಅದ್ದಿ, ಅಗಿಯದೆ ನುಂಗುವುದನ್ನೆಲ್ಲ ಕೈಯಲ್ಲೇ ಅಭಿನಯಿಸಿ ತೋರಿಸಿದೆ. ಅವರು ನಕ್ಕು ಬಿಟ್ಟರು. ಒಂದನೇ ತರಗತಿಗೆ ಪಾಠ ಮಾಡಿದ್ದು ಅಲ್ಲಿ ಉಪಯೋಗಕ್ಕೆ ಬಂತು.

ಸಲಾಲಕ್ಕೆ ಮತ್ತೆ ಹನ್ನೆರಡು ಗಂಟೆಯ ಬಸ್ಸು. ಎತ್ತ ನೋಡಿದರೂ ಬೋಳು ನೆಲ, ಕಣ್ಣಿಗೆ ಒಂದು ಲಂಟಾನದ ಪೊದೆಯೂ ಇಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಉಪವಾಸ ಬಿಡಲು ಬಸ್ಸು ಒಂದು ಮಸೀದಿಯ ಬಳಿ ನಿಂತಿತು. ಒಬ್ಬ ಮುದುಕ ಹೆಂಗಸರಿಗೆಲ್ಲ ಚಾಪೆ ಹಾಸಿ, ಖರ್ಜೂರ, ಮಜ್ಜಿಗೆ, ಒಂದು ಹರಿವಾಣ ಅನ್ನ ತಂದಿಟ್ಟ. ತಿಂದು ಎದ್ದು ನಾನು ಪರ್ಸು ತೆಗೆದೆ. ಮುದುಕ ಬೇಡವೆಂದ. ಬಿಟ್ಟೇನೇ? ನಾನು ಸಂಬಳದವಳು. ಕೈ ಹಿಡಿದು ತುರುಕಲು ಹೋದೆ. ಆತನ ಮುಖ ಸಪ್ಪಗಾಯಿತು. ಪಾತ್ರೆ ಎತ್ತುತ್ತಿದ್ದ ಬಂಗಾಳದ ಕೆಲಸಗಾರ ಹರಕು ಉರ್ದುವಿನಲ್ಲಿ ಹೇಳಿದ: "ದಾರಿಹೋಕರಿಗೆ ಅಂತ ತೆಗೆದಿಟ್ಟದ್ದು ಅಮ್ಮಾ. ಮನೆಯಲ್ಲಿ ನೀವು ರಾಣಿ ಇರಬಹುದು, ದಾರಿಯಲ್ಲಿ ಎಲ್ಲರೂ ಬಡವರೇ."

ಚಿಕ್ಕಂದಿನಲ್ಲಿ ಮಸೀದಿಯಲ್ಲಿ ಪಾಠ ಹೇಳುವ ಹಜರತರು ಬೆರಳು ಮಡಚಿಸಿ ಬಾಯಿಪಾಠ ಮಾಡಿಸಿದ್ದು ನೆನಪಾಯಿತು. ಉಳ್ಳವರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ರಂಜಾನಿನಲ್ಲಿ, ಕೊಡಲೇಬೇಕಾದ ಪಾಲು ಜಕಾತ್; ಅದನ್ನು ಪಡೆಯಲು ಎಂಟು ಬಗೆಯ ಜನ ಅರ್ಹರು: ಏನೂ ಇಲ್ಲದವರು, ಇದ್ದದ್ದು ಸಾಕಾಗದವರು, ಸಾಲದಲ್ಲಿ ಮುಳುಗಿದವರು, ಹೀಗೆ ಸಾಗಿ ಎಂಟನೆಯದಾಗಿ ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕ. ಆಗ ಕಂಠಪಾಠ ಮಾಡಿದ್ದೆ ಅಷ್ಟೇ. ಆ ಪಟ್ಟಿಯಲ್ಲಿ ನಾನೂ ಇರಬಹುದು ಅಂತ ಯಾವತ್ತೂ ಅನ್ನಿಸಿರಲಿಲ್ಲ. ಪರ್ಸು ಒಳಗಿಟ್ಟೆ.

ಸಲಾಲ

ಸಲಾಲದಲ್ಲಿ ಇಳಿದಾಗ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಆ ಬೋಳು ನೆಲದ ಕೊನೆಯಲ್ಲಿ ತೆಂಗು, ಬಾಳೆ, ಪರಂಗಿ! ರಸ್ತೆ ಬದಿಯಲ್ಲಿ ಎಳನೀರು ರಾಶಿ ಹಾಕಿದ ಅಂಗಡಿಗಳು. ನಮ್ಮ ಹುಣಸೂರಿನ ಹತ್ತಿರದ ಬಿಳಿಕೆರೆಯಲ್ಲೇ ಇಳಿದೆನೋ ಅಂದುಕೊಂಡೆ. ಅಣ್ಣ ಇಷ್ಟು ವರ್ಷ ಇಲ್ಲಿ ಯಾಕೆ ಉಳಿದ ಅಂತ ಸ್ವಲ್ಪ ಅರ್ಥವಾಯಿತು.

ಅಣ್ಣನ ನೆರೆಯವರಾದ ಮೊಯ್ದು ಮತ್ತು ಅವರ ಹೆಂಡತಿ ಖದೀಜಾ ಬಸ್ ನಿಲ್ದಾಣಕ್ಕೆ ಬಂದಿದ್ದರು. ಇಬ್ಬರೂ ಬಾವಲಿಯ ಆಚೆಯವರು, ಗಡಿಯ ಜನ, ಕನ್ನಡ ಬರುತ್ತಿತ್ತು. ಮೊಯ್ದು ಸಲಾಲಕ್ಕೆ ಬಂದು ಹದಿನೈದು ವರ್ಷ, ಖದೀಜಾ ಬಂದು ಎರಡೇ ವರ್ಷ. ಅವರ ಮನೆಯಲ್ಲೇ ನನ್ನ ವಾಸ.

ಆಸ್ಪತ್ರೆಯಲ್ಲಿ ಅಣ್ಣ ಹಾಸಿಗೆಗೆ ಅಂಟಿಕೊಂಡಿದ್ದ. ಮುಖ ಊದಿ, ಕೈಕಾಲು ಬತ್ತಿತ್ತು. ನಾನು ಉರ್ದುವಿನಲ್ಲಿ ಮಾತಾಡಿಸಿದೆ. ಅವನು ತಲೆ ಆಡಿಸಿದ. "ಉರ್ದು ಇಲ್ಲೂ ಸಿಗ್ತದೆ ಕಣೆ. ಕನ್ನಡ್ದಲ್ಲಿ ಬಯ್ಯಿ."

ಬೈದೆ. ಇಷ್ಟು ಕಾಯಿಲೆ ಬಚ್ಚಿಟ್ಟೆಯಲ್ಲ ಮುಂಡೇದೇ, ಕಾಗದದಲ್ಲಿ ಒಂದು ಸಾಲು ಬರೆಯೋಕೆ ನಿನ್ನ ಗಂಟೇನು ಹೋಗ್ತಿತ್ತು ಅಂತ ಬೈದೆ. ಅವನು ಕಣ್ಣು ಮುಚ್ಚಿ, ನೀರು ಕುಡಿದವನ ಹಾಗೆ ಕೇಳಿಸಿಕೊಂಡ. "ಇನ್ನೂ ಸ್ವಲ್ಪ ಬಯ್ಯಿ" ಅಂದ.

ಮಾರನೆಯ ದಿನ ಖದೀಜಳ ಒಲೆಯ ಮೇಲೆ ಮುದ್ದೆ ತೊಳಸಿ ಒಯ್ದೆ. ಎರಡು ತುತ್ತು ನುಂಗಿದ. "ಸಣ್ಣಮ್ಮನ ಮನೆ ರಾಗಿನಾ?" ಅಂತ ಕೇಳಿ ಮಗ್ಗುಲಾದ. ಎದ್ದು ಕೂರಲಿಲ್ಲ. ಇನ್ನು ಕೆಲವೇ ದಿನ ಅಂತ ಡಾಕ್ಟರು ಮೊಯ್ದುವಿಗೆ ಹೇಳಿದ್ದರು.

ಬಾಳೆತೋಟದ ಮನೆ

ಖದೀಜಾ ಮನೆಯಲ್ಲೇ ಪತ್ತಿರಿ ಎಂಬ ಅಕ್ಕಿ ರೊಟ್ಟಿ ಮಾಡಿ ಮಾರುತ್ತಿದ್ದಳು. ಆ ಮಧ್ಯಾಹ್ನ ಹಿತ್ತಲಿನ ಬಾಳೆಯ ನೆರಳಲ್ಲಿ ಕೂತು ನಾವು ಈರುಳ್ಳಿ ಸುಲಿಯುತ್ತಿದ್ದೆವು. ಅವಳಿಗೆ ಜಕಾತಿನ ಚಿಂತೆ. ಉಳಿತಾಯದ ಮೇಲೆ ಒಂದು ವರ್ಷ ತುಂಬಿತ್ತು, ನಲವತ್ತರಲ್ಲಿ ಒಂದು ಪಾಲು ತೆಗೆಯಬೇಕಿತ್ತು. ನನ್ನ ಕೈ ನೋಡಿ ಕೇಳಿದಳು: "ನಿಮ್ಮಲ್ಲಿ ತೊಟ್ಟುಕೊಂಡ ಬಂಗಾರಕ್ಕೂ ಜಕಾತ್ ಉಂಟಾ ಟೀಚರೇ? ನಮ್ಮಲ್ಲಿ ಇಲ್ಲ."

"ಇದೆ ಅಂತಾರೆ ನಮ್ಮ ಹಜರತ್ತು" ಅಂದೆ. ಹೇಳುವಾಗಲೇ ನಾಲಿಗೆ ತಡವರಿಸಿತು. ಈ ಬಳೆಗೆ ನಾನು ಒಂದು ವರ್ಷವೂ ಕೊಟ್ಟಿರಲಿಲ್ಲ.

"ಯಾರಿಗೆ ಕೊಡಲಿ ಅಂತ ಅನ್ವರಿಕ್ಕನ್ನ, ನಿಮ್ಮಣ್ಣನ್ನ, ಕೇಳಿದ್ದೆ. ಅಪ್ಪ ಅಮ್ಮನಿಗೆ, ಮಕ್ಕಳಿಗೆ ಕೊಟ್ಟರೆ ಆಗೋದಿಲ್ಲ, ಅವರನ್ನು ಸಾಕೋದು ಹೇಗೂ ನಿನ್ನ ಕರ್ತವ್ಯ. ಒಡಹುಟ್ಟಿದವರು ಬಡವರಿದ್ದರೆ ಅವರಿಗೇ ಮೊದಲು, ಎರಡು ಪುಣ್ಯ ಅದರಲ್ಲಿ, ದಾನದ್ದೊಂದು, ಸಂಬಂಧ ಉಳಿಸಿದ್ದೊಂದು ಅಂದರು. ಅವರೂ ಜಕಾತ್ ತಂಗಿಗೇ ಕಳಿಸುತ್ತಿದ್ದರಂತಲ್ಲ."

"ಯಾವ ತಂಗಿಗೆ?"

"ನಿಮಗೇ! ಮತ್ತೆ ಯಾವ ತಂಗಿ ಇದ್ದಾರೆ?" ಅಂದವಳು ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ ಪಡಚ್ಚೋನೇ, ದೇವರೇ, ನಿಮಗೆ ಗೊತ್ತಿಲ್ವಾ? ಇದು ಜಕಾತ್ ಅಂತ ಹೇಳಿ ಕೊಡಬೇಕಾಗಿಲ್ಲ ಟೀಚರೇ. ಕೊಡುವವರ ಮನಸ್ಸಲ್ಲಿದ್ದರೆ ಸಾಕು. ತಗೊಳ್ಳುವವರ ತಲೆ ತಗ್ಗಬಾರದು ಅಂತಲೇ ಹೇಳೋದಿಲ್ಲ."

ನನಗೆ ಮೊದಲು ಬಂದದ್ದು ಕೋಪ. ತವರಿನ ಬಾಗಿನ ಅಂತ ಸಣ್ಣಮ್ಮನ ಮುಂದೆ ಮೆರೆದದ್ದು ಜಕಾತೇ? ಎಂಟು ಬಗೆಯ ಜನದಲ್ಲಿ ಮೊದಲನೇ ಬೆರಳಿಗೆ ನನ್ನನ್ನು ಮಡಚಿಟ್ಟಿದ್ದನೇ ಇವನು? ಕಣದಲ್ಲಿ ಬಟ್ಟೆ ಹಿಡಿದು ನಾಚಿಕೆಯಿಂದ ಸತ್ತವನು, ಅದೇ ಬಟ್ಟೆ ನನ್ನ ಕೈಗೆ ಕೊಟ್ಟು ನನಗೆ ಗೊತ್ತೇ ಆಗದಂತೆ ತುಂಬಿಸಿದನಲ್ಲ!

ಕೋಪ ಇಳಿದ ಮೇಲೆ ಬಂದದ್ದು ಭಯ. ಸರ್ಕಾರಿ ಸಂಬಳ, ನಾಲ್ಕು ಬಳೆ ಇರುವವಳಿಗೆ ಜಕಾತ್ ಸಲ್ಲುವುದಿಲ್ಲ. ಅದು ಐದು ಹೊತ್ತಿನ ನಮಾಜಿನಷ್ಟೇ ಕಡ್ಡಾಯವಾದ ಬಾಧ್ಯತೆ, ತಪ್ಪಿದರೆ ದೇವರ ಮುಂದೆ ಉತ್ತರ ಹೇಳಬೇಕು. ಅಂದರೆ ಅಣ್ಣನ ಆರು ವರ್ಷದ ಜಕಾತು ನನ್ನ ಸುಳ್ಳಿನ ಮೂರು ಮೂರು ಪುಟಗಳಲ್ಲಿ ಮುಳುಗಿಹೋಯಿತೇ? ಇನ್ನು ಕೆಲವು ದಿನ ಇರುವವನು, ತೀರಿಸಿದ್ದೇನೆ ಅಂತ ನೆಮ್ಮದಿಯಲ್ಲಿ ಹೋಗುವವನು, ನಾನು ಬಾಯಿಬಿಟ್ಟರೆ ಆ ನೆಮ್ಮದಿಯೂ ಹೋಗುತ್ತದೆ. ಹೇಳಬಾರದು, ಸತ್ತರೂ ಹೇಳಬಾರದು ಅಂತ ನಿಶ್ಚಯ ಮಾಡಿದೆ. ಸೋಪು ಹಚ್ಚಿ ಬಳೆ ಬಿಚ್ಚಿ ಬ್ಯಾಗಿನ ತಳಕ್ಕೆ ಹಾಕಿದೆ.

ಆಸ್ಪತ್ರೆ

ಅದರ ಮೂರನೇ ದಿನ ಅಣ್ಣ ಸ್ವಲ್ಪ ಗೆಲುವಾಗಿದ್ದ. ನರ್ಸು ಕಿಟಕಿಯ ಪರದೆ ಸರಿಸಿ ಹೋಗಿದ್ದಳು. ಅವನು ನನ್ನ ಕೈ ಕೇಳಿದ, ಕೊಟ್ಟೆ. ಅವನ ಹೆಬ್ಬೆರಳು ನನ್ನ ಮಣಿಕಟ್ಟಿನಲ್ಲಿ ಬಳೆಯ ಕಲೆಯ ಮೇಲೆ ಸುಮ್ಮನೆ ಅತ್ತಿತ್ತ ಆಡಿತು.

"ಜುಬ್ಬಿ."

"ಏನಣ್ಣ?"

"ಈಗೇನೂ ಕಷ್ಟ ಇಲ್ಲ ತಾನೇ ನಿಂಗೆ? ಚೆನ್ನಾಗಿದೀಯಾ ತಾನೇ?"

ಕೇಳಿಯೇ ಬಿಟ್ಟನಲ್ಲ! ಮುಖಕ್ಕೆ ಮುಖ ಕೊಡದೆ, ಹೊದಿಕೆಯ ಅಂಚು ಸರಿಮಾಡುತ್ತಾ ಹೇಳಿದೆ: "ಎಲ್ಲಿ ಚೆನ್ನಾಗಿರ್ತೀನಣ್ಣ. ಬಾಳ ಕಷ್ಟ. ನೀನು ಕಳ್ಸದೆ ಹೋಗಿದ್ರೆ ಒಲೆನೇ ಹತ್ತುತಿರ್ಲಿಲ್ಲ. ಛಾವಣಿ ಇನ್ನೂ ಸೋರ್ತದೆ."

ಅವನು ಸೂರು ನೋಡಿದ. ಹೆಬ್ಬೆರಳು ನಿಂತಿತು.

"ಅಂಗಾ?" ಅಂದ. ಆಮೇಲೆ, "ಸರಿ ಬುಡವ್ವ."

ನಾನು ಒಳಗೊಳಗೇ ದೇವರಿಗೆ ಕೈಮುಗಿದೆ. ಅಣ್ಣನ ನೆಮ್ಮದಿಯನ್ನು ಒಂದು ಸುಳ್ಳಿನಿಂದ ಉಳಿಸಿದೆ ಅಂತ ಸಮಾಧಾನಪಟ್ಟುಕೊಂಡೆ. ಎರಡು ದಿನ ಬಿಟ್ಟು, ಬೆಳಿಗ್ಗೆ ಹತ್ತರ ಹೊತ್ತಿಗೆ, ನಾನು ನೀರು ತರಲು ಹೋಗಿದ್ದಾಗ ಅವನು ತೀರಿಕೊಂಡ.

ಗೋಡೆ

ಅಲ್ಲಿ ದಫನಿಗೆ ಹೆಂಗಸರು ಹೋಗುವ ರೂಢಿಯಿಲ್ಲ. ಸಂಜೆ ಮೊಯ್ದು ಮಣ್ಣು ಕೊಟ್ಟು ಬಂದು ಹಿತ್ತಲಿನಲ್ಲಿ ಕೈಕಾಲು ತೊಳೆದರು. ನಾನು ಬಳೆಗಳನ್ನು ತಂದು ಅವರ ಮುಂದಿಟ್ಟೆ. ತಡೆಯಲಾಗದೆ ಎಲ್ಲ ಹೇಳಿಕೊಂಡೆ: ಕೆಲಸ, ಆರು ವರ್ಷದ ಸುಳ್ಳು, ಆಸ್ಪತ್ರೆಯ ಸುಳ್ಳು. "ಇದನ್ನು ಮಾರಿ ಅಣ್ಣನ ಹೆಸರಲ್ಲಿ ಬಡವರಿಗೆ ಹಂಚಿಬಿಡಿ. ಅವನ ಜಕಾತು ನನ್ನಿಂದ ಕೆಟ್ಟಿದೆ."

ಮೊಯ್ದು ಬಳೆ ಮುಟ್ಟಲಿಲ್ಲ. ನನ್ನ ಎದುರು ಕೂತು ಹೇಳಿದರು: "ಟೀಚರೇ, ನಿಮಗೆ ಸರ್ಕಾರಿ ಕೆಲಸ ಆದದ್ದು ಅನ್ವರಿಗೆ ಆ ವರ್ಷವೇ ಗೊತ್ತು. ಪಿರಿಯಾಪಟ್ಟಣದ ಒಬ್ಬರು ಬಂದು ಹೇಳಿದರು. ಆವತ್ತು ಅನ್ವರ್ ಒಂದು ಬುಟ್ಟಿ ಹಲ್ವ ತಂದು ಈ ಬೀದಿಗೆಲ್ಲ ಹಂಚಿದ. ನನ್ನ ತಂಗಿ ಸರ್ಕಾರಿ ಟೀಚರು, ನನ್ನ ತಂಗಿ ಸರ್ಕಾರಿ ಟೀಚರು ಅಂತ. ಇದೇ ಬಾಗಿಲಲ್ಲಿ ನಿಂತು ನನ್ನ ಬಾಯಿಗೆ ತುರುಕಿದ."

"ಮತ್ತೆ ಲಕೋಟೆ ಕಳಿಸಿದ್ದು?"

"ಆ ವರ್ಷದಿಂದ ಜಕಾತ್ ಇಲ್ಲಿ ತೋಟದ ಕೆಲಸದವರಿಗೆ, ನನ್ನ ಕೈಯಲ್ಲೇ ಹಂಚಿಸುತ್ತಿದ್ದ. ನಿಮಗೆ ಬಂದದ್ದು ಅವನ ಸ್ವಂತದ್ದು. ಅಣ್ಣ ತಂಗಿಗೆ ಕೊಡುವುದು, ಅದಕ್ಕೆ ಶರತ್ತು ಯಾವುದು? ತಂಗಿ ಇನ್ನೂ ಕಷ್ಟ ಅಂತ ಬರೆಯುತ್ತಾಳಲ್ಲೋ ಅಂತ ನಾನು ತಮಾಷೆ ಮಾಡಿದರೆ, ಬರೀಲಿ ಬುಡು, ನಾನು ಕಳಿಸೋದು ನಿಲ್ಲಿಸಿದರೆ ಮೂರು ಪುಟ ಯಾರು ಬರೀತಾರೆ ಅಂತಿದ್ದ."

ಮೊಯ್ದು ಮುಖ ಒರೆಸಿಕೊಂಡರು. "ಒಂದು ವೇಳೆ ಗೊತ್ತಿರದೆ ಕೊಟ್ಟಿದ್ದರೂ ಅವನದು ಕೆಡುತ್ತಿರಲಿಲ್ಲ. ವಿಚಾರಿಸಿ ನಂಬಿ ಕೊಟ್ಟವನದು ಸಲ್ಲುತ್ತದೆ ಅಂತಾರೆ ತಿಳಿದವರು. ನೀವು ಸುಳ್ಳು ಹೇಳಬೇಕಾಗಿರಲಿಲ್ಲ. ವೀಸಾ ತೆಗೆಸುವಾಗ ಅವನು ಹೇಳಿದ್ದು ಒಂದೇ. ಬರಲಿ, ಈ ಸಲ ಅವಳ ಬಾಯಲ್ಲೇ ಕೇಳ್ತೀನಿ, ಚೆನ್ನಾಗಿದೀನಿ ಅಣ್ಣ ಅಂತಾಳೆ ನೋಡು ಅಂತ."

ಅವನು ಕೇಳಿದ್ದ. ಕೈ ಹಿಡಿದು ಕೇಳಿದ್ದ. ಸಾಯುವವನು ಕೇಳಿದ ಒಂದೇ ಒಂದು ಒಳ್ಳೆಯ ಮಾತನ್ನು ನಾನು ಕೊಡಲಿಲ್ಲ. ನನ್ನ ಹತ್ತಿರ ಅದು ಇತ್ತು, ಬ್ಯಾಗಿನ ತಳದಲ್ಲಿ ಬಚ್ಚಿಟ್ಟಿದ್ದೆ. ಆ ಸಂಜೆ ಖದೀಜಾ ನನ್ನನ್ನು ಹಿಡಿದುಕೊಳ್ಳದೆ ಹೋಗಿದ್ದರೆ ನಾನು ಏನು ಮಾಡಿಕೊಳ್ಳುತ್ತಿದ್ದೆನೋ.

ಹೊರಡುವ ಹಿಂದಿನ ದಿನ ಮೊಯ್ದು ನನ್ನನ್ನು ಖಬರಸ್ತಾನಿಗೆ ಕರೆದೊಯ್ದರು. ಒಳಗೆ ಹೋಗಲಿಲ್ಲ. ಎದೆಮಟ್ಟದ ಗೋಡೆಯ ಹೊರಗೆ ನಿಂತು ಅವರು ಬೆರಳು ತೋರಿಸಿದರು. ತಲೆಗೊಂದು ಕಾಲಿಗೊಂದು ಕಲ್ಲು ನೆಟ್ಟ ಸಾಲು ಮಣ್ಣುಗುಡ್ಡೆಗಳು, ಹೆಸರಿಲ್ಲ. ಯಾವುದು ಅಣ್ಣನದು ಅಂತ ನನಗೆ ಸರಿಯಾಗಿ ತಿಳಿಯಲಿಲ್ಲ. ಬಳೆ ಹಾಕಿಕೊಂಡು ಹೋಗಿದ್ದೆ. ಕೈ ಎರಡನ್ನೂ ಗೋಡೆಯ ಮೇಲಿಟ್ಟು ಕನ್ನಡದಲ್ಲಿ ಕೂಗಿ ಹೇಳಿದೆ:

"ಅಣ್ಣ, ನಂಗೆ ಕೆಲಸ ಖಾಯಂ ಆಯ್ತು ಕಣೋ. ಛಾವಣಿ ಸೋರಲ್ಲ. ಚೆನ್ನಾಗಿದೀನಿ ಕಣೋ ಅಣ್ಣ."

ಕಾವಲುಗಾರ ತಿರುಗಿ ನೋಡಿದ. ಗದರಿಸುತ್ತಾನೇನೋ ಅಂದುಕೊಂಡೆ. ಅವನು ಒಂದು ಲೋಟ ನೀರು ತಂದು ಗೋಡೆಯ ಮೇಲಿಟ್ಟು ಹೋದ. ಉಪವಾಸ ನನಗೆ, ಕುಡಿಯುವಂತಿರಲಿಲ್ಲ. ದಾರಿಹೋಕಳ ಪಾಲು ಅಂತ ಮುಖ ತೊಳೆದುಕೊಂಡೆ.

ಮರಳಿ ಕಂಪಲಾಪುರ

ಸಣ್ಣಮ್ಮ ಓಡಿಬಂದು ಕೇಳಿದರು, "ಮುದ್ದೆ ತಿಂದ್ನಾ?" ಎರಡು ತುತ್ತು ತಿಂದ ಅಂದೆ. "ಅಷ್ಟಾರೂ ತಿಂದ್ನಲ್ಲ" ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮುಂದಿನ ರಂಜಾನಿಗೆ ಬಳೆಯ ತೂಕ ಹಾಕಿಸಿದೆ. ಹಿಂದೆ ಬಿಟ್ಟ ವರ್ಷಗಳದ್ದೂ ಸೇರಿಸಿ ಪಾಲು ತೆಗೆದು ಒಂದು ಲಕೋಟೆಗೆ ಹಾಕಿದೆ. ಹುಣಸೂರಿನಲ್ಲಿ ತಂಬಾಕಿನ ಎಲೆ ಕಟ್ಟುವ ಶಮೀಮ್ ಅಂತ ಒಬ್ಬಳಿದ್ದಾಳೆ, ಗಂಡ ಸತ್ತು ಎರಡು ವರ್ಷ, ಕಂಕುಳಲ್ಲಿ ಒಂದು ಕೂಸು. ಅವಳ ಮನೆಗೆ ಹೋಗಿ ಕೊಟ್ಟೆ. ಏನು ಅಂತ ಹೇಳಲಿಲ್ಲ. "ಹಬ್ಬಕ್ಕೆ ಇಟ್ಟುಕೊ" ಅಂದೆ. ಅವಳು ತಲೆ ತಗ್ಗಿಸಿ ತನ್ನ ಕಾಲ್ಬೆರಳು ನೋಡುತ್ತಾ, "ಬಾಳ ಕಷ್ಟ ಟೀಚರ್" ಅಂತ ಶುರುಮಾಡಿದಳು.

ನಾನು ಅವಳ ಗಲ್ಲ ಹಿಡಿದು ಮುಖ ಎತ್ತಿದೆ.

"ಕಷ್ಟ ಇದ್ರೆ ಹೇಳು. ಒಳ್ಳೇದಾದ್ರೆ ಮೊದ್ಲು ನಂಗೇ ಹೇಳವ್ವ. ಒಳ್ಳೇದಾಯ್ತು ಅಂತ ನಾನೇನೂ ಬರಾದ್ನ ನಿಲ್ಸಲ್ಲ."